ನಿದ್ರಿಸುವ ರೋಗಾಣುಗಳು

ಔಷಧಿಗೆ ಸಾಯದ ರೋಗಾಣುಗಳೆಲ್ಲವೂ ಔಷಧಿಯನ್ನು ಗೆದ್ದವುಗಳಲ್ಲ. ಕೆಲವು ಕೇವಲ ನಿದ್ರಿಸುತ್ತಿರುತ್ತವೆ. ಬೆಳೆಯುವ ರೋಗಾಣುವು ತನ್ನ ಕೋಶಭಿತ್ತಿಯನ್ನು ಕಟ್ಟಿಕೊಳ್ಳುವಾಗ ಪೆನಿಸಿಲಿನ್ ಆ ಕಟ್ಟಡವನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ. ಬೆಳವಣಿಗೆಯನ್ನೇ ನಿಲ್ಲಿಸಿದ ರೋಗಾಣುವಿನಲ್ಲಿ ಕೆಡಿಸಲು ಕಟ್ಟಡವೆಲ್ಲಿ? 1944ರಲ್ಲಿ ಐರ್ಲೆಂಡಿನ ವಿಜ್ಞಾನಿ ಜೋಸೆಫ್ ಬಿಗ್ಗರರು ಹೀಗೆ ಸುಮಾರು 10 ಲಕ್ಷಕ್ಕೆ ಒಂದರಂತೆ ಉಳಿದವುಗಳನ್ನು ಕಂಡರು. ಅವುಗಳ ಸಂತತಿಯು ಅದೇ ಪೆನಿಸಿಲಿನ್‌ಗೆ ಮತ್ತೆ ಬಲಿಯಾಯಿತು.

ಕ್ಷಯದ ರೋಗಾಣುಗಳಲ್ಲಿಯೂ ಇಂತಹ ನಿದ್ರಾಳುಗಳುಂಟು. ಚಿಕಿತ್ಸೆಯ ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರಗಳು ಇಳಿದು ರೋಗಿಗೆ ತಾನು ಗುಣಹೊಂದಿದೆನೆಂಬ ಭ್ರಮೆ ಹುಟ್ಟುತ್ತದೆ. ಶ್ವಾಸಕೋಶದಲ್ಲಿ ಮಲಗಿರುವವುಗಳನ್ನೂ ನಿರ್ಮೂಲಗೊಳಿಸಬೇಕಾದುದರಿಂದಲೇ ಚಿಕಿತ್ಸೆಯು ಸಾಮಾನ್ಯವಾಗಿ 6 ತಿಂಗಳು ನಡೆಯುತ್ತದೆ. ನಡುವೆ ಬಿಟ್ಟರೆ ಅವು ಎಚ್ಚೆತ್ತು ರೋಗವು ಮರುಕಳಿಸಬಹುದು. ಆದುದರಿಂದ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಯಾರಾದರೂ ಈ ಔಷಧಿಯನ್ನು ಸೇವಿಸುತ್ತಿದ್ದರೆ, ಅದನ್ನು ನಿಲ್ಲಿಸುವ ದಿನವನ್ನು ವೈದ್ಯರೇ ಹೇಳಲಿ. ಕೆಮ್ಮು ನಿಂತ ದಿನವು ಆ ದಿನವಲ್ಲ.