ಲಾರಿಯ ಎಂಜಿನಿಗೆ ಗಾಳಿಯ ದಾರಿ: ಶಕ್ತಿವರ್ಧನೆಗೆ ಮೊದಲು ನೋಡತಕ್ಕ ಸಂಗತಿಗಳು

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟ ಲಾರಿಯು ವಿದ್ಯಾನಗರವನ್ನೂ ಉಣಕಲ್ಲನ್ನೂ ದಾಟಿ ಅಮರಗೋಳದ ಮಾರುಕಟ್ಟೆಯನ್ನು ಸೇರುವುದು. ಈ ಡಾಂಬರು ರಸ್ತೆಯಲ್ಲಿ ಎಂಜಿನಿಗೆ ವಿಶೇಷ ಕಷ್ಟವಿಲ್ಲ. ಕಷ್ಟವಿರುವುದು ಅದಕ್ಕೆ ಹಿಂದಿನ ಹಾದಿಯಲ್ಲಿ. ಕುಂದಗೋಳ, ನವಲಗುಂದ ಸೀಮೆಗಳ ಎರೆಹೊಲಗಳಿಂದ ಹತ್ತಿ, ಕಡಲೆ, ಮೆಣಸಿನಕಾಯಿಗಳನ್ನು ಹೇರಿಕೊಂಡು ಬರುವ ಲಾರಿಯು ಸುಗ್ಗಿಯ ಕಾಲದಲ್ಲಿ ಹಿಟ್ಟಿನಂತಹ ಧೂಳನ್ನು ಸೀಳಿಕೊಂಡೇ ಬರಬೇಕಾಗುವುದು. ಲಾರಿಯು ಏರಿನಲ್ಲಿ ಎಳೆಯುವುದಿಲ್ಲವೆಂದು ಒಡೆಯರು ದೂರಿದೊಡನೆ, ಡೀಸೆಲ್ ಪಂಪಿನ ತಿರುಪನ್ನು ಹೆಚ್ಚಿಸಬೇಕೆಂದೋ, ತೆರೆದ ಬಾಯಿಯ ಹೊಸ ಗಾಳಿಸೋಸಕವನ್ನು ಹಾಕಿಸಬೇಕೆಂದೋ ಸಲಹೆ ದೊರೆಯುವುದುಂಟು. 1947ರಲ್ಲಿ ಸ್ಥಾಪಿತವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ವಿದ್ಯಾನಗರದಲ್ಲಿಯೇ ಇದ್ದು ಈಗ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವುದು. ಆದರೂ ಅದರ ಮುಂದೆ ಹಾಯುವ ಲಾರಿಗಳ ಎಂಜಿನಿನ ವಿಷಯವು ಬಾಯಿಮಾತಿನ ಮೇಲೆಯೇ ತೀರ್ಮಾನವಾಗುತ್ತಿರುವುದು ವಿಷಾದಕರವು.

ಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಎಂಜಿನು ಡೀಸೆಲ್ಲಿಗಿಂತ ಹೆಚ್ಚಾಗಿ ಗಾಳಿಯನ್ನೇ ಉಣ್ಣುವುದು. ಒಂದು ಲೀಟರು ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಕನಿಷ್ಠ 10,000 ಲೀಟರು ಗಾಳಿ ಬೇಕು. ಗಾಳಿ ಸಾಲದೆ ಇರುವಾಗ ಡೀಸೆಲನ್ನು ಎಷ್ಟು ಸುರಿದರೂ ಅದು ಶಕ್ತಿಯಾಗದೆ ಕರಿಯ ಹೊಗೆಯಾಗಿ ಹೊರಬೀಳುವುದು. ಹೊಗೆಯ ಜೊತೆಗೆ ಉರಿಯ ತಾಪವೂ ಮಿತಿಮೀರಿ ಪಿಸ್ಟನ್ನಿನ ತಲೆಯು ಸುಟ್ಟುಹೋಗುವ ಭಯವಿದೆ. ಹುಬ್ಬಳ್ಳಿಯು ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯು ಕರಾವಳಿಯ ಗಾಳಿಗಿಂತ ಶೇಕಡಾ 6ರಷ್ಟು ತೆಳುವು. ಅಂಕೋಲೆಯಿಂದ ಅರಬೈಲ ಘಟ್ಟವನ್ನು ಹತ್ತಿ ಬರುವ, ಟರ್ಬೊ ಇಲ್ಲದ ಹಳೆಯ ಲಾರಿಯು ಮೇಲೇರಿದಂತೆ ಬಳಲುವುದಕ್ಕೆ ಹೇರಿನ ಭಾರದೊಡನೆ ಇದೂ ಒಂದು ಕಾರಣ. ಕಾವೇರಿದ ಗಾಳಿಯೂ ಹೀಗೆಯೇ. 30 ಡಿಗ್ರಿಯ ಹೊರಗಾಳಿಗೆ ಬದಲಾಗಿ ಎಂಜಿನಿನ ಪಕ್ಕದ 60 ಡಿಗ್ರಿಯ ಗಾಳಿಯನ್ನು ಎಳೆಯುವ ಎಂಜಿನಿಗೆ ಶೇಕಡಾ 9ರಷ್ಟು ಗಾಳಿಯು ನಷ್ಟವಾಗುವುದು. ಆದಕಾರಣ ಗಾಳಿಯ ಕೊಳವೆಯ ಬಾಯಿಯು ಬಾನೆಟ್ಟಿನ ಒಳಗಿರದೆ, ಕ್ಯಾಬಿನ್ನಿನ ಹಿಂದೆ, ಎತ್ತರದಲ್ಲಿ, ಹೊರಗಾಳಿಗೆ ತೆರೆದಿರತಕ್ಕದ್ದು. ಚಕ್ರದ ಮಟ್ಟದಲ್ಲಿ ಧೂಳು ದಟ್ಟವಾಗಿರುವುದರಿಂದಲೂ ಎತ್ತರವೇ ಲೇಸು.

ಇನ್ನು ಸೋಸಕದ ವಿಚಾರ. ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಸಣ್ಣ ಮಣ್ಣಿನ ಕಣವು ಕಣ್ಣಿಗೆ ಕಾಣದು. ಆದರೆ ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಬಳೆಗಳಿಗೂ ನಡುವೆ ಅದೇ ಸಾಣೆಯ ಪುಡಿಯಂತೆ ಕೆಲಸಮಾಡುವುದು. ಬಳೆಗಳು ಸವೆದಂತೆ ಎಣ್ಣೆಯು ಮೇಲೇರಿ ಸುಟ್ಟು ನೀಲಿಯ ಹೊಗೆಯು ತೋರುವುದು. ಆಮೇಲೆ ಎಂಜಿನನ್ನು ಬಿಚ್ಚಿಸುವುದೊಂದೇ ಗತಿ, ಒಂದು ಸುಗ್ಗಿಯ ಬಾಡಿಗೆಯೆಲ್ಲವೂ ಅದಕ್ಕೇ ಸಲ್ಲುವುದು. ಹಳೆಯ ಲಾರಿಗಳ ಎಣ್ಣೆತೊಟ್ಟಿಯ ಸೋಸಕಕ್ಕಿಂತ ಕಾಗದದ ಸೋಸಕವು ಹೆಚ್ಚು ಧೂಳನ್ನು ಹಿಡಿಯುವುದು. ಗಾಳಿಯು ಸಲೀಸಾಗಿ ಹೋಗುವುದೆಂದು ಹೊಗಳಿ ಮಾರುವ ತೆರೆದ ಬಾಯಿಯ ಹತ್ತಿಯ ಸೋಸಕವು ಪಂದ್ಯದ ಕಾರಿಗೆ ಒಪ್ಪಬಹುದು, ಎರೆಸೀಮೆಯ ಲಾರಿಗೆ ಖಂಡಿತವಾಗಿ ಒಪ್ಪದು. ಗಾಳಿಯೊಡನೆ ಧೂಳೂ ಸಲೀಸಾಗಿಯೇ ಹೋಗುವುದು; ಅದಕ್ಕೆ ಸವರಿದ ಎಣ್ಣೆಯು ಹೊಸ ಲಾರಿಗಳ ಗಾಳಿಮಾಪಕವನ್ನೂ ಕೆಡಿಸಬಹುದು. ಹೆಚ್ಚು ಗಾಳಿ ಬೇಕಾದವರು ಅದೇ ಜಾತಿಯ, ಹೆಚ್ಚು ಅಗಲವಾದ ಕಾಗದದ ಸೋಸಕವನ್ನೂ, ಧೂಳನ್ನು ಸುಳಿಯಾಗಿ ತಿರುಗಿಸಿ ಮೊದಲೇ ಬೇರ್ಪಡಿಸುವ ಮುಂಸೋಸಕವನ್ನೂ ಆರಿಸತಕ್ಕದ್ದು.

ಸೋಸಕವನ್ನು ದಿನಾಲು ಬಿಚ್ಚಿ ನೆಲಕ್ಕೆ ಬಡಿಯುವ ರೂಢಿಯು ಕೆಟ್ಟದ್ದು. ಬಡಿದಾಗ ಕಾಗದವು ಬಿರಿಯುವುದಲ್ಲದೆ, ಬಿಚ್ಚಿದಾಗಲೆಲ್ಲ ಧೂಳು ಒಳದಾರಿಗೆ ಉದುರುವುದು. ಡಬ್ಬಿಯ ಸೂಚಕದಲ್ಲಿ ಕೆಂಪು ಪಟ್ಟಿಯು ತೋರಿದ ಮೇಲೆಯೇ ಅದನ್ನು ಬದಲಿಸಿದರೆ ಸಾಕು. ಒಳಗಿನ ಚಿಕ್ಕ ಸೋಸಕವನ್ನಂತೂ ಶುದ್ಧಮಾಡಲಾಗದು, ಬದಲಿಸಲೇಬೇಕು. ಸೋಸಕದಿಂದ ಎಂಜಿನಿಗೆ ಹೋಗುವ ರಬ್ಬರು ಕೊಳವೆಯ ಒಳಮೈಯನ್ನು ಶುಭ್ರವಾದ ಬಿಳಿಯ ಅರಿವೆಯಿಂದ ಒರಸಿ ನೋಡಬೇಕು. ಅರಿವೆಗೆ ಮಣ್ಣು ಹತ್ತಿದರೆ ಕೊಳವೆಯು ಸೀಳಿದೆ, ಇಲ್ಲವೆ ಬಿಗಿಪಟ್ಟಿಯು ಸಡಿಲಿದೆ ಎಂದು ತಿಳಿಯತಕ್ಕದ್ದು. ಅಲ್ಪ ಬೆಲೆಯ ಆ ಪಟ್ಟಿಯು ಸಡಿಲಿದ್ದರೆ ಎಷ್ಟು ಬೆಲೆಯ ಸೋಸಕವಿದ್ದರೂ ವ್ಯರ್ಥ.

ಇಷ್ಟಾದ ಮೇಲೂ ಎಳೆತ ಸಾಲದಿದ್ದರೆ, ಟರ್ಬೊ ಇರುವ ಲಾರಿಗಳಲ್ಲಿ ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ಹತ್ತಿಯ ನಾರು ತುಂಬಿದೆಯೇ ಎಂದು ನೋಡಿ, ವಾಲ್ವುಗಳ ಅಂತರವನ್ನೂ ಇಂಜೆಕ್ಟರುಗಳನ್ನೂ ಪರೀಕ್ಷಿಸಬೇಕು. ಟರ್ಬೊ ಇಲ್ಲದ ಎಂಜಿನಿಗೆ ಟರ್ಬೊ ಕೂಡಿಸುವುದೂ ಪಂಪನ್ನು ಹೆಚ್ಚಿಸುವುದೂ ಬೇರೆ ಮಾತು. ತಯಾರಕರು ನಿಗದಿಪಡಿಸಿದ ವಿವರಗಳಿಂದ ವಾಹನವು ಬೇರೆಯಾಗುವಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿಷೇಧಿಸಿದೆ. 2019ರ ತಿದ್ದುಪಡಿಯ ಮೇರೆಗೆ ಇಂತಹ ಪ್ರತಿಯೊಂದು ಮಾರ್ಪಾಟಿಗೂ ಒಡೆಯರೇ 5,000 ರೂಪಾಯಿ ದಂಡಕ್ಕೋ, ಆರು ತಿಂಗಳವರೆಗಿನ ಸಜೆಗೋ, ಎರಡಕ್ಕೂ ಒಟ್ಟಿಗೋ ಗುರಿಯಾಗಬಹುದು. 2020ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ದರ್ಜೆಯ ಲಾರಿಗಳಲ್ಲಿ ಡೀಸೆಲ್ಲಿನ ಪ್ರಮಾಣವು ವಿದ್ಯುನ್ಮಾನ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ ತಿರುಪಿನ ಮಾತೇ ಇಲ್ಲ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸವಿದೆ. ಬೆಣ್ಣೆಹಳ್ಳವು ತುಂಬಿ ರಸ್ತೆಗೆ ಬಂದಾಗ, ಕೊಳವೆಯ ಬಾಯಿಯು ತಗ್ಗಿನಲ್ಲಿರುವ ಲಾರಿಯು ಗಾಳಿಗೆ ಬದಲಾಗಿ ನೀರನ್ನೇ ಎಳೆಯಬಹುದು. ನೀರು ಒತ್ತಿದರೆ ಕುಗ್ಗದಾದ್ದರಿಂದ ಪಿಸ್ಟನ್ನಿನ ತೋಳು ಒಮ್ಮೆಗೇ ಬಾಗುವುದು. ನೀರಿನ ನಡುವೆ ಎಂಜಿನು ನಿಂತರೆ ಮತ್ತೆ ಚಾಲೂ ಮಾಡದೆ, ಲಾರಿಯನ್ನು ಎಳೆಸಿ ದಡ ಸೇರಿಸಿ, ಸೋಸಕದ ಡಬ್ಬಿಯನ್ನು ಬಿಚ್ಚಿ ನೋಡತಕ್ಕದ್ದು. ಒಳಗೆ ತೇವವಿದ್ದರೆ ಮೇಸ್ತ್ರಿಯು ಬರುವವರೆಗೆ ಕೀಲಿಯನ್ನು ಡ್ರೈವರನ ಕೈಗೆ ಕೊಡಬಾರದು.