ಚಿಟಿಕೆ ಉಪ್ಪು, ಹಿಡಿ ಬೆಲ್ಲದ ಪಾಠ

ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಭೇದಿಯಿಂದ ನಿತ್ರಾಣಗೊಂಡ ಮಗುವಿನ ಜೀವ ಹಿಡಿದಿಡಲು ಬಾಂಗ್ಲಾದೇಶದ ಹಳ್ಳಿಯ ತಾಯಂದಿರಿಗೆ ‘ಬ್ರ್ಯಾಕ್’ ಸಂಸ್ಥೆ ಹೇಳಿಕೊಟ್ಟ ಮದ್ದು ಇದು.

1971ರ ಯುದ್ಧದಿಂದ ಜರ್ಜರಿತವಾದ ಜನರ ನೆರವಿಗೆಂದು ಫಜಲ್ ಹಸನ್ ಅಬೇದ್ 1972ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ಮನೆಮನೆಯ ಪಾಠ ಆರಂಭವಾಯಿತು. ಕಲಿಸಲು ಹೊರಟವರು ಹೆಂಗಸರೇ. ಆದರೆ ಬರೀ ಪಾಠ ಹೇಳಿದ್ದಕ್ಕೆ ಸಂಬಳವಿಲ್ಲ! ಕೆಲವು ವಾರಗಳ ನಂತರ ಬೇರೊಬ್ಬರು ಬಂದು ಕೆಲವು ಮನೆಗಳಲ್ಲಿ ವಿಚಾರಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದಕ್ಕೆ ತಕ್ಕಂತೆ ಕಲಿಸಿದಾಕೆಗೆ ಹಣ.

ಆದರೂ ಮಗು ಕಾಯಿಲೆ ಬಿದ್ದಾಗ ಹಲವರು ಇದನ್ನು ಬಳಸುತ್ತಿರಲಿಲ್ಲ. ಕಾರಣ ಹುಡುಕಿದಾಗ, ಕಲಿಸುವವರಲ್ಲೇ ಕೆಲವರಿಗೆ ಈ ಮದ್ದಿನಲ್ಲಿ ನಂಬಿಕೆಯಿಲ್ಲದ್ದು ತಿಳಿಯಿತು. ಮನೆಯ ಗಂಡಸರಿಗೆ ಯಾರೂ ವಿಷಯ ತಿಳಿಸಿರಲಿಲ್ಲ. ಸಂಸ್ಥೆ ತಾಯಂದಿರನ್ನು ದೂರಲಿಲ್ಲ. ಕಾರ್ಯಕರ್ತೆಯರಿಗೆ ಮತ್ತೆ ತರಬೇತಿ ಕೊಟ್ಟಿತು, ಗಂಡಸರಿಗೂ ತಿಳಿಹೇಳಿತು. 1990ರ ಹೊತ್ತಿಗೆ ಈ ಪಾಠ ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿತ್ತು.

ಈ ನಡುವೆ 1985ರಲ್ಲಿ ಸಂಸ್ಥೆ 22 ಶಾಲೆಗಳನ್ನು ತೆರೆಯಿತು. ಒಂದೇ ಕೋಣೆ, ಸುಮಾರು 30 ಮಕ್ಕಳು, ಊರಿನ ಹೆಣ್ಣುಮಗಳೇ ಟೀಚರ್. ಓದಲು ಬಂದವರಲ್ಲಿ ಹುಡುಗಿಯರೇ ಹೆಚ್ಚು. ಮುಂದೆ ಇಂಥ ಶಾಲೆಗಳು ಸಾವಿರಾರು ಆದವು.

ಪಾಠ ತಲೆಗೆ ಹತ್ತದಿದ್ದರೆ ಮಕ್ಕಳನ್ನು ಗದರುವುದು ಸುಲಭ. ಕಲಿಸಿದ್ದರಲ್ಲೇ ಏನಾದರೂ ಕೊರತೆ ಇತ್ತೇ ಎಂದು ನೋಡಿಕೊಳ್ಳುವುದು ಕಷ್ಟ. ಆ ಕಷ್ಟದ ಕೆಲಸವನ್ನು ಬ್ರ್ಯಾಕ್ ಮಾಡಿತು.