ಅರಿವನ್ನುಳಿಸುವ ಅರಿವಳಿಕೆ

'ಅನಸ್ತೇಸಿಯಾ' ಎಂಬುದಕ್ಕೆ ಕನ್ನಡದಲ್ಲಿ ನೆಲೆಗೊಂಡಿರುವ ಪದ 'ಅರಿವಳಿಕೆ'. ಅರಿವು ಅಳಿಯುವುದೆಂಬುದು ಅದರ ಅರ್ಥ. ಮೂಲದ ಗ್ರೀಕ್ ಪದವಾದರೋ ಸಂವೇದನೆಯ ಅಭಾವವನ್ನಷ್ಟೇ ಸೂಚಿಸುತ್ತದೆ. ರೋಗಿಯು ಎಚ್ಚರವಾಗಿದ್ದು ತಾನೇ ಉಸಿರಾಡುತ್ತಿರುವಾಗ ನಡೆಯುವ ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಈ ಅಂತರ ಮುಖ್ಯವಾಗುತ್ತದೆ. ಅಲ್ಲಿ ಅಳಿಯುವುದು ನೋವು, ಅರಿವು ಉಳಿಯುತ್ತದೆ.

ಶ್ವಾಸಕೋಶದ ಸುತ್ತಣ ಒತ್ತಡವು ವಾತಾವರಣದ ಒತ್ತಡಕ್ಕಿಂತ ಕಡಿಮೆಯಿರುವುದರಿಂದ ಅದು ಅರಳಿ ನಿಂತಿರುತ್ತದೆ. ಎದೆಗೂಡನ್ನು ತೆರೆದೊಡನೆ ಗಾಳಿ ಒಳನುಗ್ಗಿ ಆ ಬದಿಯ ಶ್ವಾಸಕೋಶ ಕುಸಿಯುತ್ತದೆ. ಇದನ್ನು ತಡೆಯಲು ಸಾವರ್‌ಬ್ರುಖ್ ಎಂಬ ಶಸ್ತ್ರವೈದ್ಯನು 1904ರಲ್ಲಿ ರೋಗಿಯ ತಲೆಯನ್ನು ಹೊರಗಿರಿಸಿ, ಮೈಯನ್ನು ಕಡಿಮೆ ಒತ್ತಡದ ಕೋಣೆಯಲ್ಲಿರಿಸುವ ಉಪಾಯವನ್ನು ಪ್ರಕಟಿಸಿದನು. ಮುಂದೆ ಶ್ವಾಸನಾಳಕ್ಕೆ ನಳಿಕೆಯಿಳಿಸಿ ಯಂತ್ರದಿಂದ ಉಸಿರಾಡಿಸುವ ಕ್ರಮ ರೂಢಿಗೆ ಬಂದಿತು. ಆದರೆ ಶ್ವಾಸಕೋಶ ಮೊದಲೇ ದುರ್ಬಲವಾಗಿರುವವರನ್ನು ಆ ಯಂತ್ರದಿಂದ ಬಿಡಿಸುವುದೇ ಕೆಲವೊಮ್ಮೆ ಕಷ್ಟವಾಗುತ್ತದೆ.

ಎಚ್ಚರದ ವಿಧಾನದಲ್ಲಿ ಬೆನ್ನುಹುರಿಯ ಹೊರಪೊರೆಯ ಆಚೆಗಿನ ಎಪಿಡ್ಯೂರಲ್ ಅವಕಾಶಕ್ಕೆ ಮದ್ದು ನೀಡಿಯೋ, ಪಕ್ಕೆಲುಬುಗಳ ನಡುವಣ ನರಗಳನ್ನು ಮರಗಟ್ಟಿಸಿಯೋ ನೋವನ್ನು ತಡೆಯಲಾಗುತ್ತದೆ. ವಪೆ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಮುಖವಾಡದ ಮೂಲಕ ಆಮ್ಲಜನಕ ದೊರೆಯುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಏರುವುದನ್ನು ಸಹಿಸಿಕೊಳ್ಳಬಹುದು; ಮಿತಿಮೀರಿದರೆ ನಳಿಕೆಯಿಳಿಸಲು ತಜ್ಞರು ಸಿದ್ಧರಿರಬೇಕು. ಆದ್ದರಿಂದ ಅತಿ ಸ್ಥೂಲಕಾಯರಿಗೂ ನಳಿಕೆಯಿಳಿಸುವುದು ಕಠಿಣವಾದವರಿಗೂ ಈ ಕ್ರಮ ಸಾಮಾನ್ಯವಾಗಿ ಸಲ್ಲದು. ರಕ್ತ ಹೆಪ್ಪುಗಟ್ಟುವಿಕೆಯಲ್ಲಿ ದೋಷವಿದ್ದರೆ ಎಪಿಡ್ಯೂರಲ್ ಅಪಾಯಕರ.

ಬೆಂಗಳೂರಿನ ವೊಕಾರ್ಟ್ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ ಮುರಳಿ ಚಕ್ರವರ್ತಿ, ಹೃದಯ ಶಸ್ತ್ರವೈದ್ಯ ವಿವೇಕ ಜವಳಿ ಮತ್ತು ಸಂಗಡಿಗರು ಎಪಿಡ್ಯೂರಲ್ ಒಂದರಿಂದಲೇ ಹೃದಯದ ಬೈಪಾಸ್ ನಡೆಸಿದ ಅನುಭವವನ್ನು 2003ರಲ್ಲಿ ಪ್ರಕಟಿಸಿದರು. ರೋಮ್‌ನ ಪೊಂಪೆಯೊ ತಂಡವು ಶ್ವಾಸಕೋಶದ ಗಂಟುಗಳನ್ನು ಇದೇ ಬಗೆಯಲ್ಲಿ ತೆಗೆದ ಅಧ್ಯಯನವನ್ನು 2004ರಲ್ಲಿ ಹೊರತಂದಿತು.

ಈ ವಿಧಾನದಲ್ಲಿ ರೋಗಿಯ ಮಾತೂ ಒಂದು ಮಾಪಕ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರ ಮಟ್ಟಿಗೆ ಇದು ವಿಚಾರಾರ್ಹ ಸಂಗತಿ. ಮರಾಠಿ, ಹಿಂದಿಗಳಲ್ಲಿ ವ್ಯವಹರಿಸಬಲ್ಲ ಹಿರಿಯರೂ ಭಯದ ಗಳಿಗೆಯಲ್ಲಿ ತಾಯ್ನುಡಿಗೆ ಮರಳುವುದುಂಟು. 'ಸಂಕಟವಾಗುತ್ತಿದೆ' ಎಂದರೆ ಅದು ನೋವೇ, ಓಕರಿಕೆಯೇ, ಉಸಿರುಕಟ್ಟುವಿಕೆಯೇ? ಮೂರಕ್ಕೂ ಉಪಚಾರ ಬೇರೆ ಬೇರೆ. ಆದುದರಿಂದ ಅಂಥ ಮಾತುಗಳನ್ನು ಮುಂಚಿತವಾಗಿಯೇ ರೋಗಿಯೊಡನೆ ಗೊತ್ತುಮಾಡಿಕೊಳ್ಳುವುದು, ಕನ್ನಡ ಬಲ್ಲವರೊಬ್ಬರನ್ನು ಬಳಿಯಲ್ಲಿರಿಸುವುದು ಬರಿಯ ಸೌಜನ್ಯವಲ್ಲ, ಚಿಕಿತ್ಸೆಯ ಅಂಗವೇ ಆಗಿದೆ. ಅರಿವು ಉಳಿದಿರುವಲ್ಲಿ ನುಡಿಯೂ ಉಳಿದಿರುತ್ತದೆ. ಅದನ್ನು ಕೇಳಿ ತಿಳಿಯುವವರು ಇರಬೇಕು.